ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಹಳೆಯ ಸೋಫಾಗಳ ವಿಲೇವಾರಿ ಯಾರ ಹೊಣೆ?

ಗುಜರಾತಿಗೆ ಹೊಸದಾಗಿ ಬಂದ ಕನ್ನಡಿಗನನ್ನು ಮೊದಲ ವಾರದಲ್ಲಿಯೇ ಬೆಚ್ಚಿ ಬೀಳಿಸುವ ಕೂಗೊಂದಿದೆ. ಬೆಳಗಿನ ಹೊತ್ತಿನಲ್ಲಿ ಕೈಗಾಡಿ ತಳ್ಳಿಕೊಂಡು ಬರುವವನು ಬೀದಿಯ ತಿರುವಿನಲ್ಲಿ ನಿಂತು ‘ಪಸ್ತೀ... ಭಂಗಾರ್’ ಎಂದು ಕೂಗುತ್ತಾನೆ. ಬಂಗಾರವನ್ನು ಕೈಗಾಡಿಯಲ್ಲಿ ಕೊಳ್ಳುವ ನಾಡು ಇನ್ನೆಷ್ಟು ಸಂಪನ್ನವಾದದ್ದೋ ಎಂದು ನಾವು ಬೆರಗಾಗುತ್ತೇವೆ. ಒಂದು ಮಹಾಪ್ರಾಣದ ಅಂತರದಲ್ಲಿ ನಮ್ಮ ಚಿನ್ನ ಇವರ ರದ್ದಿಯಾಗಿದೆ ಎಂದು ತಿಳಿಯಲು ಕೆಲವು ದಿನಗಳು ಬೇಕು. ನಾವು ಗುಜರಿ ಎನ್ನುವುದನ್ನು ಇವರು ಭಂಗಾರ ಎನ್ನುತ್ತಾರೆ. ಇವರ ಗುಜರಿಯಾದರೋ ಸಾಬರಮತಿಯ ದಡದಲ್ಲಿ ಭಾನುವಾರ ನೆರೆಯುವ ಸಂತೆ. ಸಂಘದ ಕೂಟಗಳಲ್ಲಿ ಹೇಳಿ ಹೇಳಿ ಸವೆದುಹೋದ ಈ ವಿನೋದವನ್ನು ಮತ್ತೆ ನೆನೆಯಲು ಕಾರಣವಿದೆ. ಬಂಗಾರವಾಗುವುದಂತೂ ದೂರ, ಭಂಗಾರವೂ ಆಗದಂಥ ಒಂದು ವಸ್ತು ನಮ್ಮೆಲ್ಲರ ಮನೆಗಳಲ್ಲಿ ಮೂವತ್ತು ವರ್ಷಗಳಿಂದ ಗಾಂಭೀರ್ಯದಿಂದ ಕುಳಿತಿದೆ. ಅದು ನಮ್ಮ ಸೋಫಾ.

ಸ್ಯಾಟಲೈಟ್ ಭಾಗದಲ್ಲಿ ವಾಸವಾಗಿರುವವರಿಗೆ ಸಂದರ್ಭವನ್ನು ವಿವರಿಸಬೇಕಾಗಿಲ್ಲ. ಬಡೋದೆ, ಸೂರತ್ತಿನ ಓದುಗರಿಗಾಗಿ ಎರಡು ಮಾತು. ಇಪ್ಪತ್ತೈದು ವರ್ಷ ಮೀರಿದ ವಸತಿ ಕಟ್ಟಡಗಳನ್ನು ಶೇಕಡಾ 75ರಷ್ಟು ಮಾಲೀಕರ ಒಪ್ಪಿಗೆಯಿದ್ದರೆ ಕೆಡವಿ ಕಟ್ಟಬಹುದೆಂದು ಗುಜರಾತ್ ಸರ್ಕಾರ 2018ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. ಎಂಬತ್ತು ತೊಂಬತ್ತರ ದಶಕಗಳಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆಯೋ ಬಾಹ್ಯಾಕಾಶ ಕೇಂದ್ರದ ನೌಕರಿಯ ಮೇಲೆಯೋ ಬಂದ ನಮ್ಮವರು ಕೊಂಡ ಮನೆಗಳೆಲ್ಲ ಈ ಲೆಕ್ಕಕ್ಕೆ ಸೇರುತ್ತವೆ. ನಮ್ಮ ಸೊಸೈಟಿಯ ಸರದಿಯೂ ಬಂತು. ಮನೆ ತೆರವು ಮಾಡುವ ದಿನ ಭಂಗಾರದವನನ್ನು ಕರೆದೆ. ಕಬ್ಬಿಣದ ಮಂಚ, ಕೆಟ್ಟ ಫ್ರಿಜ್ಜು, ಎರಡು ಗೋಣಿ ಹಳೆಯ ಪತ್ರಿಕೆಗಳನ್ನು ತೂಗಿ ಹಣ ಎಣಿಸಿದ. 1993ರಲ್ಲಿ ಎರಡು ತಿಂಗಳ ಸಂಬಳ ಕೊಟ್ಟು ಕೊಂಡಿದ್ದ ಸೋಫಾದ ಮುಂದೆ ನಿಂತು, ಅದರ ಕೈಯನ್ನು ಒಮ್ಮೆ ತಟ್ಟಿ ನೋಡಿ, ‘ಕಾಕಾ, ಇದರಲ್ಲಿ ಏನೂ ಇಲ್ಲ. ಒಯ್ಯಬೇಕಾದರೆ ನೀವೇ ನನಗೆ ಕೊಡಬೇಕು’ ಎಂದ.

ಅವನ ಮಾತು ಸತ್ಯ. ರೆಕ್ಸಿನ್ ಹರಿದಾಗ ಒಳಗೆ ಕಂಡದ್ದು ಪೆಟ್ಟಿಗೆ ಮಾಡುವ ಕೀಳು ಮರ, ಮೊಳೆ, ನಾಲ್ಕು ಸ್ಪ್ರಿಂಗು, ಮುಟ್ಟಿದರೆ ಹಳದಿ ಪುಡಿಯಾಗಿ ಉದುರುವ ಸ್ಪಂಜು. ನಮ್ಮ ಸೊಸೈಟಿಯಿಂದ ಆ ತಿಂಗಳಲ್ಲಿ ಹೊರಬಿದ್ದ ಸೋಫಾಗಳಲ್ಲಿ ಬಹುಪಾಲು ಕತ್ತಲಾದ ಮೇಲೆ ಪಕ್ಕದ ಖಾಲಿ ನಿವೇಶನಕ್ಕೆ ಹೋದವು. ನನ್ನದೂ ಹೋಯಿತು, ಅದನ್ನು ಇಲ್ಲಿ ಮರೆಮಾಚುವುದಿಲ್ಲ. ಉತ್ತರಾಯಣದ ಹಿಂದುಮುಂದಿನ ಚಳಿಯಲ್ಲಿ ಕಾವಲಿನವರು ಅವುಗಳ ಮರಕ್ಕೆ ಬೆಂಕಿ ಕೊಟ್ಟರು. ಮರದೊಡನೆ ಸ್ಪಂಜೂ ಉರಿಯಿತು. ಕಪ್ಪು ಹೊಗೆ ಎದ್ದಿತು. ಅದರ ಪಕ್ಕದಲ್ಲಿ ಕಾವಲಿನವನ ಮಗು ರಾತ್ರಿಯೆಲ್ಲ ಕೆಮ್ಮಿದ್ದನ್ನು ಮರುದಿನ ಅವನ ಹೆಂಡತಿ ಹೇಳಿದಾಗ ನಾನು ತಲೆ ತಗ್ಗಿಸಬೇಕಾಯಿತು. ಈ ಲೇಖನ ಅಲ್ಲಿಂದ ಹುಟ್ಟಿದ್ದು.

ನಮ್ಮ ಮನೆಯ ಸೋಫಾದ ಸ್ಪಂಜು ಪಾಲಿಯುರೇಥೇನ್ ಎಂಬ ಪ್ಲಾಸ್ಟಿಕ್. ಪೆಟ್ರೋಲಿಯಂ ಮೂಲದಿಂದ ಬರುವ ಈ ವಸ್ತುವಿಗೆ ಬೆಂಕಿ ತಗುಲಿದರೆ ಹೊಗೆಯಲ್ಲಿ ಇಂಗಾಲದ ಮಾನಾಕ್ಸೈಡಿನ ಜೊತೆಗೆ ಹೈಡ್ರೋಜನ್ ಸಯನೈಡ್ ಎಂಬ ವಿಷವೂ ಇರುತ್ತದೆ. 1979ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವುಲ್ವರ್ತ್ ಮಳಿಗೆಯಲ್ಲಿ ಇಂಥದೇ ಪೀಠೋಪಕರಣಗಳಿಗೆ ಬೆಂಕಿ ಬಿದ್ದು ಹತ್ತು ಜನ ಸತ್ತರು. ಆ ದುರಂತ ಅಲ್ಲಿಯ ಕಾನೂನಿಗೆ ಪ್ರೇರಣೆಯಾಯಿತು. 1988ರ ನಿಯಮಗಳು ಮನೆಯ ಸೋಫಾಗಳು ಸಿಗರೇಟು ಮತ್ತು ಬೆಂಕಿಕಡ್ಡಿಯ ಪರೀಕ್ಷೆಗಳಲ್ಲಿ ಗೆಲ್ಲಬೇಕೆಂದು ವಿಧಿಸಿದವು. ಸ್ಪಂಜನ್ನೇ ಕೈಬಿಟ್ಟು ಬೇರೆ ವಸ್ತುವನ್ನು ಹುಡುಕುವುದು ಒಂದು ದಾರಿಯಾಗಿತ್ತು. ತಯಾರಕರಲ್ಲಿ ಬಹುಮಂದಿ ಹಿಡಿದದ್ದು ಅಗ್ಗದ ದಾರಿ. ಬೆಂಕಿಯನ್ನು ತಡೆಯುವ ಬ್ರೋಮಿನ್ ರಾಸಾಯನಿಕಗಳನ್ನು ಹೊದಿಕೆಗೂ ಸ್ಪಂಜಿಗೂ ಧಾರಾಳವಾಗಿ ಸೇರಿಸಿದರು. ಮೆತ್ತೆಯನ್ನು ಕಾಯಲೆಂದು ಬಂದ ಈ ರಾಸಾಯನಿಕಗಳು ಮೆತ್ತೆಯಲ್ಲಿಯೇ ಉಳಿಯಲಿಲ್ಲ. ಧೂಳಾಗಿ ಮನೆಯ ನೆಲಕ್ಕೆ ಇಳಿದವು, ಉಸಿರಿನೊಡನೆ ಮೈಯ ಕೊಬ್ಬಿನಲ್ಲಿ ಸೇರಿದವು, ತಾಯಂದಿರ ಎದೆಹಾಲಿನಲ್ಲಿಯೂ ಕಂಡುಬಂದವು. ಬೆಳೆಯುವ ಮಕ್ಕಳ ಮಿದುಳಿಗೆ ಇವು ಕೇಡು ಮಾಡಬಲ್ಲವೆಂದು ತಿಳಿಯುವ ಹೊತ್ತಿಗೆ ಕೋಟ್ಯಂತರ ಸೋಫಾಗಳು ಮನೆ ಸೇರಿದ್ದವು.

ಈ ವರ್ಗದ ವಿಷಗಳನ್ನು ಜಗತ್ತಿನಿಂದ ತೊಲಗಿಸಲೆಂದು 2001ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಏರ್ಪಟ್ಟಿತು. ಸ್ಪಂಜಿಗೆ ಬಳಸುತ್ತಿದ್ದ ಪೆಂಟಾ ವರ್ಗದ ರಾಸಾಯನಿಕಗಳನ್ನು 2009ರಲ್ಲಿ, ಬಟ್ಟೆಗೆ ಬಳಸುತ್ತಿದ್ದ ಡೆಕಾ ಎಂಬುದನ್ನು 2017ರಲ್ಲಿ ನಿಷೇಧದ ಪಟ್ಟಿಗೆ ಸೇರಿಸಲಾಯಿತು. ಇಂಗ್ಲೆಂಡಿನ ಪರಿಸರ ಸಂಸ್ಥೆ ತನ್ನ ನಾಡಿನ ಹಳೆಯ ಸೋಫಾಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಈ ವಿಷಗಳು ಹೇರಳವಾಗಿವೆಯೆಂದು ಕಂಡು, 2022ರಲ್ಲಿ ಸ್ಥಳೀಯ ಆಡಳಿತಗಳಿಗೆ ಕಟ್ಟಪ್ಪಣೆ ಕಳುಹಿಸಿತು. 2023ರ ಆರಂಭದಿಂದ ಅಲ್ಲಿ ಕಸವಾಗಿ ಬಂದ ಇಂಥ ಸೋಫಾವನ್ನು ನೆಲದಲ್ಲಿ ಹೂಳುವಂತಿಲ್ಲ, ಬೇರೆ ಕಸದೊಡನೆ ಬೆರೆಸುವಂತಿಲ್ಲ, ಮರುಬಳಕೆಗೆ ಕೊಡುವಂತಿಲ್ಲ. ಪ್ರತ್ಯೇಕವಾಗಿ ಸಾಗಿಸಿ ಹೆಚ್ಚಿನ ಉಷ್ಣದ ಕುಲುಮೆಯಲ್ಲಿ ಸುಡಬೇಕು. ಬಿಡಿಕುರ್ಚಿ, ಮೆತ್ತೆಯ ಪೀಠಗಳಿಗೂ ಇದೇ ವಿಧಿ.

ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ವಿಷವನ್ನು ವಿಷವೆಂದು ಒಪ್ಪಿಕೊಳ್ಳುವ ಧೈರ್ಯ ಅಲ್ಲಿಯ ಆಡಳಿತಕ್ಕೆ ಬಂತು, ಅದು ಮೆಚ್ಚತಕ್ಕದ್ದು. ಆದರೆ ಈ ನಿಯಮದ ಭಾರ ಯಾರ ಹೆಗಲಿಗೆ ಬಿತ್ತೆಂಬುದನ್ನು ನೋಡಬೇಕು. ರಾಸಾಯನಿಕವನ್ನು ಸೇರಿಸಿದ ಕಾರ್ಖಾನೆಗೆ ಅಲ್ಲ; ಮಾರಿ ಲಾಭ ಪಡೆದ ಅಂಗಡಿಗೆ ಅಲ್ಲ. ಕಸ ಎತ್ತುವ ಪುರಸಭೆಗೆ, ಅದರ ಮೂಲಕ ತೆರಿಗೆ ಕೊಡುವ ಗೃಹಸ್ಥನಿಗೆ, ಹಳೆಯದನ್ನು ರಿಪೇರಿ ಮಾಡಿ ಬಡವರಿಗೆ ಕೊಡುತ್ತಿದ್ದ ಧರ್ಮಸಂಸ್ಥೆಗಳಿಗೆ. ನಮ್ಮ ಹಿರಿಯರು ಇದಕ್ಕೆ ಎರಡು ಗಾದೆಗಳನ್ನು ಮೊದಲೇ ಕಟ್ಟಿಟ್ಟಿದ್ದಾರೆ. ಮೂವತ್ತೈದು ವರ್ಷ ಕಳೆದ ಮೇಲೆ ನಿಯಮ ಮಾಡಿದ್ದು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ತಯಾರಕನನ್ನು ಬಿಟ್ಟು ಕೊನೆಯ ಕೈಯನ್ನು ಹಿಡಿದದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಇನ್ನು ನಮ್ಮ ದೇಶದ ಕಡೆ ತಿರುಗೋಣ. ಸ್ಟಾಕ್‌ಹೋಮ್ ಒಪ್ಪಂದವನ್ನು ಭಾರತ 2006ರ ಜನವರಿಯಲ್ಲಿ ಅನುಮೋದಿಸಿತು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಿಯಮಗಳು ಏಳು ರಾಸಾಯನಿಕಗಳನ್ನು ನಿಷೇಧಿಸಿದವು. ಪೆಂಟಾ ವರ್ಗ ಅದರಲ್ಲಿತ್ತು. ಒಂದು ವರ್ಷ ಮೊದಲೇ ಜಗತ್ತಿನ ಪಟ್ಟಿಗೆ ಸೇರಿದ್ದ ಡೆಕಾ ಆ ಏಳರಲ್ಲಿ ಇರಲಿಲ್ಲ. ಕಸದ ವಿಷಯಕ್ಕೆ ಬಂದರೆ 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸವೆಂದು ಬಣ್ಣದ ಡಬ್ಬ, ಕೀಟನಾಶಕದ ಡಬ್ಬ, ಟ್ಯೂಬ್‌ಲೈಟು, ಅವಧಿ ಮೀರಿದ ಔಷಧಿ, ಒಡೆದ ಥರ್ಮಾಮೀಟರು, ಬ್ಯಾಟರಿ, ಸೂಜಿಗಳನ್ನು ಎಣಿಸಿದವು. ಮೂವತ್ತು ಕಿಲೋ ತೂಗುವ ಸೋಫಾ ಆ ಎಣಿಕೆಯಲ್ಲಿ ಬರಲಿಲ್ಲ. ಅವುಗಳ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಹೊರಡಿಸಿದ ಹೊಸ ನಿಯಮಗಳು ಕಸವನ್ನು ನಾಲ್ಕು ಬಗೆಯಾಗಿ ವಿಂಗಡಿಸಲು ಹೇಳುತ್ತವೆ: ಹಸಿ, ಒಣ, ನೈರ್ಮಲ್ಯ ಸಂಬಂಧಿ, ವಿಶೇಷ ಎಚ್ಚರಿಕೆಯದು. ಗೃಹಿಣಿಯ ಕೈಗೆ ನಾಲ್ಕು ಬುಟ್ಟಿ ಕೊಟ್ಟದ್ದಾಯಿತು. ಆದರೆ ನಮ್ಮ ಮೂವರು ಕೂರುವ ಸೋಫಾ ಯಾವ ಬುಟ್ಟಿಯಲ್ಲಿ ಹಿಡಿಸೀತು?

ತಯಾರಕನ ಹೊಣೆಯೆಂಬ ತತ್ತ್ವ ನಮ್ಮ ಸರ್ಕಾರಕ್ಕೆ ತಿಳಿಯದ್ದೇನೂ ಅಲ್ಲ. ಪ್ಲಾಸ್ಟಿಕ್ ಹೊದಿಕೆ, ಬ್ಯಾಟರಿ, ಟೈರು, ವಿದ್ಯುನ್ಮಾನ ಸಾಮಗ್ರಿ ಇವುಗಳನ್ನು ತಯಾರಿಸಿದವರೇ ಅವುಗಳ ಅಂತ್ಯವನ್ನೂ ನೋಡಿಕೊಳ್ಳಬೇಕೆಂದು 2022ರಲ್ಲಿ ಒಂದರ ಹಿಂದೊಂದು ನಿಯಮಗಳು ಬಂದವು. ಕೈಗಡಿಯಾರದ ಬ್ಯಾಟರಿಗೆ ಇರುವ ವಾರಸುದಾರ ಸೋಫಾಕ್ಕೆ ಏಕೆ ಇರಬಾರದು? ಫ್ರಾನ್ಸಿನಲ್ಲಿ 2013ರಿಂದ ಹೊಸ ಪೀಠೋಪಕರಣ ಕೊಳ್ಳುವಾಗಲೇ ಅದರ ಅಂತ್ಯಸಂಸ್ಕಾರದ ವೆಚ್ಚವನ್ನು ಬೆಲೆಯಲ್ಲಿ ಪ್ರತ್ಯೇಕವಾಗಿ ತೋರಿಸಿ ಪಡೆಯುತ್ತಾರೆ. ತಯಾರಕರೇ ಸೇರಿ ನಡೆಸುವ ಸಂಸ್ಥೆ ಹಳೆಯದನ್ನು ಸಂಗ್ರಹಿಸುತ್ತದೆ. ಅಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವೆನ್ನುವವರು ಕಾರಣವನ್ನು ಹೇಳಲಿ.

ಇಲ್ಲಿ ಒಂದು ಆಕ್ಷೇಪ ಕೇಳಿಬರುತ್ತದೆ. ನಮ್ಮಲ್ಲಿ ಇಂಗ್ಲೆಂಡಿನ 1988ರ ಕಾನೂನಿನಂಥದು ಇರಲಿಲ್ಲ, ಆದ್ದರಿಂದ ನಮ್ಮ ಸೋಫಾಗಳಲ್ಲಿ ಆ ವಿಷವನ್ನು ಸೇರಿಸಬೇಕಾದ ಒತ್ತಾಯವೂ ಇರಲಿಲ್ಲ, ಪರದೇಶದ ತಲೆನೋವನ್ನು ನಾವೇಕೆ ಕೊಂಡು ತರಬೇಕು ಎಂಬುದು ಅದರ ಸಾರ. ಕೇಳಲು ಚೆನ್ನಾಗಿದೆ. ಆದರೆ ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗಿರುವುದನ್ನೆಲ್ಲ ಅಚ್ಚು ಹಾಕಿಸುವ ಈ ದೇಶದಲ್ಲಿ, ನನ್ನ ಸೋಫಾದ ಮೇಲೆ ಒಳಗೇನಿದೆಯೆಂದು ತಿಳಿಸುವ ಅಂಗೈಯಗಲದ ಚೀಟಿಯೂ ಇರಲಿಲ್ಲ. ಮೇಲಾಗಿ ಹಳೆಯ ಸ್ಪಂಜನ್ನು ಚೂರು ಮಾಡಿ, ಅಂಟು ಬೆರೆಸಿ, ಒತ್ತಿ ಮಾಡಿದ ರೀಬಾಂಡೆಡ್ ಫೋಮ್ ನಮ್ಮ ಅಗ್ಗದ ಹಾಸಿಗೆ ಮತ್ತು ದಿವಾನಗಳ ಜೀವಾಳ. ಒಂದು ಸೋಫಾದ ವಿಷ ಹೀಗೆ ಇನ್ನೊಂದು ಮನೆಯ ಹಾಸಿಗೆಯಾಗಿ ಪುನರ್ಜನ್ಮ ಪಡೆಯಬಲ್ಲದು. ಇದೆಲ್ಲ ಹೋಗಲಿ, ಬ್ರೋಮಿನ್ನಿನ ಸೋಂಕೂ ಇಲ್ಲದ ಬರಿಯ ಸ್ಪಂಜಿನ ಹೊಗೆಯೇ ಕಾವಲಿನವನ ಮಗುವನ್ನು ಕೆಮ್ಮಿಸಲು ಸಾಕು.

ಖಾಲಿ ನಿವೇಶನದಲ್ಲಿ ಸುಡದೆ ಉಳಿದದ್ದು ಎಲ್ಲಿಗೆ ಹೋಗುತ್ತದೆ? ಅಹಮದಾಬಾದಿನ ಕಸದ ದಾರಿಗಳೆಲ್ಲ ಕೊನೆಗೆ ಪಿರಾಣಾಕ್ಕೆ ಸೇರುತ್ತವೆ. ನಾಲ್ಕು ದಶಕ ಕಸ ಸುರಿದು ಅಲ್ಲಿ ಗುಡ್ಡವೇ ಎದ್ದಿತು. ಅದನ್ನು ಜರಡಿ ಹಿಡಿದು ಕರಗಿಸುವ ಕೆಲಸ ಈಗ ಕೆಲವು ವರ್ಷಗಳಿಂದ ನಡೆದಿದೆ. 2024ರ ನವೆಂಬರಿನಲ್ಲಿ ದಿನಕ್ಕೆ 1,000 ಟನ್ ಕಸ ಸುಟ್ಟು 15 ಮೆಗಾವಾಟ್ ವಿದ್ಯುತ್ ಪಡೆಯುವ ಸ್ಥಾವರವೂ ಅಲ್ಲಿ ಆರಂಭವಾಯಿತು. ಆ ಗುಡ್ಡದ ಬುಡದಲ್ಲಿ, 2002ರ ಗಲಭೆಯಲ್ಲಿ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಸಿಟಿಜನ್ ನಗರವಿದೆ. ಗುಡ್ಡಕ್ಕೆ ಬೆಂಕಿ ಬಿದ್ದ ರಾತ್ರಿಗಳಲ್ಲಿ ಅದರ ಹೊಗೆಯನ್ನು ಮೊದಲು ಕುಡಿದವರು ಅವರು; ಸ್ಯಾಟಲೈಟಿನ ಏಳನೆಯ ಮಹಡಿಯ ನಾವಲ್ಲ. ಕಸದ ಭೂಗೋಳವೂ ಬಡತನದ ಭೂಗೋಳವೂ ಒಂದೇ ಎಂಬುದನ್ನು ಅರಿಯಲು ಈ ಊರಿನ ನಕಾಶೆಯೊಂದೇ ಸಾಕು.

ಹಾಗಾದರೆ ಇಂಗ್ಲೆಂಡಿನ ನಿಯಮವನ್ನೇ ಯಥಾವತ್ತಾಗಿ ತಂದುಬಿಡೋಣ, ಹಳೆಯದೆಲ್ಲ ಕುಲುಮೆಗೆ ಹೋಗಲಿ, ಎಂದು ಉತ್ಸಾಹಿಗಳು ಹೇಳಬಹುದು. ಅದಕ್ಕೂ ನನ್ನ ವಿರೋಧವಿದೆ. ಸುಲ್ತಾನ್ ಅಹಮದ್ ಶಹನ ಕಾಲದ್ದೆಂದು ಹೇಳಲಾಗುವ ಗುಜರಿ ಬಜಾರು ಇಂದಿಗೂ ಭಾನುವಾರಗಳಂದು ಎಲಿಸ್ ಸೇತುವೆಯ ಸಮೀಪ ನೆರೆಯುತ್ತದೆ. 2014ರಲ್ಲಿ ನದೀತೀರದ ಯೋಜನೆ ಅದನ್ನು ಹೊಸ ಕಟ್ಟೆಗಳಿಗೆ ಸ್ಥಳಾಂತರಿಸಿದರೂ ಅದು ಸಾಯಲಿಲ್ಲ. ಹಳೆಯ ಮಂಚ, ಕಪಾಟು, ಕುರ್ಚಿಗಳು ಅಲ್ಲಿ ಎರಡನೆಯ, ಮೂರನೆಯ ಸಂಸಾರವನ್ನು ಕಾಣುತ್ತವೆ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ಮನೆಮನೆ ತಿರುಗುವ ದೇವಿಪೂಜಕ ಹೆಂಗಸರನ್ನು ನಾವೆಲ್ಲ ಬಲ್ಲೆವು. ಕಾಗದ ಆಯುವ ಹೆಂಗಸರನ್ನೂ ಕೂಡಿಸಿಕೊಂಡು ಇಳಾ ಭಟ್ಟರು 1972ರಲ್ಲಿ ಆರಂಭಿಸಿದ ‘ಸೇವಾ’ ಸಂಘಟನೆ ಇದೇ ನಗರದಲ್ಲಿ ಬೆಳೆಯಿತು. ಹಳತನ್ನು ಮತ್ತೆ ಬಾಳಿಸುವ ವಿದ್ಯೆಯಲ್ಲಿ ಈ ಊರು ಯಾವ ಪಾಶ್ಚಾತ್ಯ ನಗರಕ್ಕೂ ಪಾಠ ಹೇಳಬಲ್ಲದು. ಅಂಥ ಕೈಗಳಿಗೆ ಒಂದು ಸುತ್ತೋಲೆಯಿಂದ ಬೇಡಿ ತೊಡಿಸಿದರೆ, ಲಾಭವಾಗುವುದು ಹೊಸ ಸೋಫಾ ಮಾರುವ ಅಂಗಡಿಗೆ ಮಾತ್ರ.

ಇಂಗ್ಲೆಂಡಿನ ನಿಯಮದಲ್ಲಿಯೂ ಒಂದು ಸೂಕ್ಷ್ಮವಿದೆ. ಕಸದ ರಾಶಿಗೆ ಬಂದ ಸೋಫಾ ಮಾತ್ರ ಕಸ. ಬಳಸಲು ಯೋಗ್ಯವಾಗಿದ್ದಾಗಲೇ ಒಬ್ಬರಿಂದ ಇನ್ನೊಬ್ಬರಿಗೆ ಕೈಯಿಂದ ಕೈಗೆ ದಾಟಿದ್ದು ಕಸವಲ್ಲ. ನಮ್ಮ ನಿಯಮ ಮಾಡುವವರು ಇದನ್ನು ಇನ್ನೂ ಒಂದು ಹೆಜ್ಜೆ ಮುಂದೊಯ್ಯಬೇಕು. ಸೋಫಾವೆಂದರೆ ಒಂದು ವಸ್ತುವಲ್ಲ. ಚೌಕಟ್ಟು ಬೇರೆ, ಮೆತ್ತೆ ಬೇರೆ. ಕೇಡಿರುವುದು ಮೆತ್ತೆಯಲ್ಲಿ. ಒಳ್ಳೆಯ ಚೌಕಟ್ಟನ್ನು ಉಳಿಸಿ, ಹಳೆಯ ಸ್ಪಂಜನ್ನೂ ಹೊದಿಕೆಯನ್ನೂ ಬಿಚ್ಚಿ ಬೇರೆ ಮೂಟೆ ಕಟ್ಟಿ, ತಕ್ಕ ಕುಲುಮೆಗೆ ಕಳುಹಿಸಬೇಕು. ಆ ಚೌಕಟ್ಟಿಗೆ ಹತ್ತಿಯನ್ನೋ ತೆಂಗಿನ ನಾರನ್ನೋ ತುಂಬುವ ಕುಶಲಕರ್ಮಿ ನಮ್ಮಲ್ಲಿ ಇನ್ನೂ ಬದುಕಿದ್ದಾನೆ. ನಮ್ಮ ಬಾಲ್ಯದಲ್ಲಿ ಬಿಲ್ಲಿನಂಥ ಸಾಧನದ ತಂತಿಯನ್ನು ಮೀಟುತ್ತ ಪಿಂಜಾರ ಬರುತ್ತಿದ್ದ. ಗಂಟುಗಂಟಾದ ಹತ್ತಿ ಹಾಸಿಗೆಯನ್ನು ಅಂಗಳದಲ್ಲಿ ಬಿಚ್ಚಿ, ಹಿಂಜಿ, ಸಂಜೆಯೊಳಗೆ ಹೊಸದರಂತೆ ಹೊಲಿದು ಕೊಡುತ್ತಿದ್ದ. ಗುಜರಾತಿನಲ್ಲಿಯೂ ಆ ಕುಲದ ಹೆಸರು ಪಿಂಜಾರಾ ಎಂದೇ. ನೂರು ಶಬ್ದಗಳಲ್ಲಿ ಬೇರೆಯಾದ ನಾವು ಈ ಒಂದು ಕಸುಬಿನ ಹೆಸರಿನಲ್ಲಿ ಒಂದಾಗಿದ್ದೇವೆ. ಅಂಥ ಹಾಸಿಗೆಯ ಹತ್ತಿ ಸವೆದರೆ ಮಣ್ಣಾಗುತ್ತಿತ್ತು. ಯಾವ ಪರಿಸರ ಸಂಸ್ಥೆಯೂ ಅದಕ್ಕೆ ಅಪ್ಪಣೆ ಕಳುಹಿಸಬೇಕಾಗಿರಲಿಲ್ಲ.

ನಮ್ಮ ತವರಿನ ರಾಜಧಾನಿಯ ಅನುಭವವನ್ನೂ ನೋಡಬೇಕು. ಬೆಂಗಳೂರಿನಲ್ಲಿ 2025ರ ಅಕ್ಟೋಬರ್ ಕೊನೆಗೆ, ಬೀದಿಗೆ ಕಸ ಎಸೆದವರ ಮನೆಬಾಗಿಲಿಗೇ ಕಸ ತಂದು ಸುರಿದು ದಂಡ ವಿಧಿಸಿದ ಸುದ್ದಿಯನ್ನು ನಾವೆಲ್ಲ ಓದಿ ಚಪ್ಪಾಳೆ ತಟ್ಟಿದೆವು. ಹಳೆಯ ಪೀಠೋಪಕರಣ, ಹಾಸಿಗೆಗಳನ್ನು ಮನೆಯಿಂದಲೇ ಸಂಗ್ರಹಿಸುವ ಅಭಿಯಾನವೂ ಅಲ್ಲಿ ಅದೇ ವರ್ಷ ನಡೆಯಿತು. ನನ್ನ ದೃಷ್ಟಿಯಲ್ಲಿ ಮೊದಲನೆಯದು ತಮಾಷೆ, ಎರಡನೆಯದು ಆಡಳಿತ. ಆದರೆ ಮೊದಲನೆಯದಕ್ಕೆ ಸಿಕ್ಕ ಪ್ರಚಾರದ ಹತ್ತರಲ್ಲೊಂದು ಪಾಲೂ ಎರಡನೆಯದಕ್ಕೆ ಸಿಗಲಿಲ್ಲ. ಸೋಫಾವನ್ನು ಎಲ್ಲಿ ಇಡಬೇಕೆಂದು ಹೇಳದ ಆಡಳಿತಕ್ಕೆ, ಇಡಬಾರದ ಕಡೆ ಇಟ್ಟವನಿಗೆ ದಂಡ ಹಾಕುವ ನೈತಿಕ ಅಧಿಕಾರ ಎಲ್ಲಿಂದ ಬರುತ್ತದೆ?

ನಮ್ಮ ಬೇಡಿಕೆಗಳು ಸರಳವಾಗಿವೆ. ಒಂದು, ಮಾರಾಟವಾಗುವ ಪ್ರತಿ ಮೆತ್ತೆಯ ಪೀಠದ ಮೇಲೂ ಒಳಗಿನ ಸ್ಪಂಜು ಹೊಸದೋ ಚೂರಿನದೋ, ಬೆಂಕಿನಿರೋಧಕ ರಾಸಾಯನಿಕ ಬೆರೆತಿದೆಯೋ ಇಲ್ಲವೋ ಎಂಬ ಚೀಟಿ ಇರಬೇಕು. ಎರಡು, ಬ್ಯಾಟರಿ, ಟೈರುಗಳಂತೆ ಇದಕ್ಕೂ ತಯಾರಕನನ್ನೇ ಹೊಣೆ ಮಾಡಬೇಕು. ಹೊಸ ಸೋಫಾ ಇಳಿಸಲು ಬಂದ ಗಾಡಿ ಹಳೆಯದನ್ನು ಹೇರಿಕೊಂಡು ಹೋಗಬೇಕು. ಮೂರು, ಕೆಡವಿ ಕಟ್ಟುವ ಸೊಸೈಟಿಗಳಿಗೆ ಅನುಮತಿ ನೀಡುವಾಗಲೇ ಹಳೆಯ ಪೀಠೋಪಕರಣಗಳ ವಿಲೇವಾರಿಯ ವ್ಯವಸ್ಥೆ ಏನೆಂದು ಬಿಲ್ಡರನಿಂದ ಬರೆಸಿಕೊಳ್ಳಬೇಕು. ನಾಲ್ಕು, ಸ್ಪಂಜು ಬಿಚ್ಚಿ ಬೇರ್ಪಡಿಸುವ ಕೆಲಸಕ್ಕೆ ಭಂಗಾರದವನಿಗೂ ಆಯುವ ಹೆಂಗಸರಿಗೂ ಕೂಲಿ, ಕೈಗವಸು, ಮುಖವಸ್ತ್ರ ಸಿಗಬೇಕು. ‘ನೀವೇ ನನಗೆ ಕೊಡಬೇಕು’ ಎಂದ ಆ ಕೈಗಾಡಿಯವನ ಅರ್ಥಶಾಸ್ತ್ರ ಪರಿಪೂರ್ಣವಾಗಿತ್ತು. ಕೊಡಬೇಕಾದವರು ಯಾರೆಂಬುದಷ್ಟೇ ತೀರ್ಮಾನವಾಗಬೇಕು.

ಕಡೆಯದಾಗಿ ನಮ್ಮ ಸಂಘದ ಬಂಧುಗಳಲ್ಲಿ ಒಂದು ಮಾತು. ನಮ್ಮಲ್ಲಿ ಬಹುಮಂದಿ ಈ ಊರಿಗೆ ಬಂದಾಗ ನಮ್ಮೊಂದಿಗೆ ಇದ್ದದ್ದು ಒಂದು ಟ್ರಂಕು, ಒಂದು ಸುರುಳಿ ಸುತ್ತಿದ ಹಾಸಿಗೆ. ಮೊದಲ ಮನೆಯ ಮಂಚ, ಕುರ್ಚಿಗಳು ವರ್ಗವಾಗಿ ಹೊರಟ ಇನ್ನೊಬ್ಬ ಕನ್ನಡಿಗನ ಮನೆಯಿಂದ ಬಂದವು. ಅವನಿಗೆ ಅವು ಅವನಿಗಿಂತ ಮೊದಲಿನವನಿಂದ ಬಂದಿದ್ದವು. ಯುಗಾದಿಯ ಸಭೆಯಲ್ಲಿ ‘ನಾನು ಹೊರಟೆ, ಮೇಜು ಯಾರಿಗೆ ಬೇಕು’ ಎಂದು ಕೇಳುವುದು ನಮಗೆ ನಾಚಿಕೆಯ ಮಾತಾಗಿರಲಿಲ್ಲ. ಕಂತಿನಲ್ಲಿ ಹೊಸ ಸೋಫಾ ಸಿಗತೊಡಗಿದ ಮೇಲೆ ಆ ಕೊಡುಕೊಳ್ಳುವಿಕೆ ನಿಂತಿತು. ಇವತ್ತು ಸಂಘ ಮತ್ತೆ ಅದನ್ನು ಆರಂಭಿಸಬಹುದು. ಮನೆ ತೆರವು ಮಾಡುವವರ ಪಟ್ಟಿ, ಹೊಸದಾಗಿ ಬಂದ ಹುಡುಗರ ಪಟ್ಟಿ, ಹೊದಿಕೆ ಬದಲಿಸುವ ಕುಶಲಕರ್ಮಿಗಳ ಪಟ್ಟಿ, ಈ ಮೂರನ್ನು ಒಂದು ವಹಿಯಲ್ಲಿ ಬರೆದಿಡಲು ಯಾವ ಸರ್ಕಾರದ ಅನುಮತಿಯೂ ಬೇಕಿಲ್ಲ.

ನಮ್ಮ ಹೊಸ ಕಟ್ಟಡ ಏಳುತ್ತಿದೆ. ಅದರ ಚಿತ್ರದಲ್ಲಿ ಪ್ರತಿ ಮನೆಯ ಹಜಾರದಲ್ಲೂ ಎಲ್ ಆಕಾರದ ದೊಡ್ಡ ಸೋಫಾವೊಂದನ್ನು ಬರೆದಿದ್ದಾರೆ. ಅದು ಮನೆಗೆ ಬರುವ ದಿನ ಅಂಗಡಿಯವನನ್ನು ಒಂದೇ ಪ್ರಶ್ನೆ ಕೇಳಬೇಕೆಂದು ನಾನು ನಿಶ್ಚಯಿಸಿದ್ದೇನೆ: ‘ಇದನ್ನು ವಾಪಸು ಒಯ್ಯಲು ಯಾವಾಗ ಬರುತ್ತೀಯಪ್ಪ?’ ಉತ್ತರ ಸಿಗದಿದ್ದರೆ ಗುಜರಾತಿನವರ ಮರದ ಹಿಂಚ್ಕಾ ಇದೆ, ನಮ್ಮೂರಿನ ಜಮಖಾನೆ ಇದೆ. ಓದುಗರೂ ಆ ಪ್ರಶ್ನೆಯನ್ನು ಕೇಳಲಿ. ಸಾವಿರ ಮನೆಗಳಿಂದ ಅದು ಕೇಳಿಬಂದರೆ, ಉತ್ತರ ಹುಡುಕುವ ಹೊಣೆ ಕೊನೆಗೂ ಹೊರಬೇಕಾದವನ ತಲೆಗೆ ಬರುತ್ತದೆ.